ನುಂಗಿದ ಕೆಮ್ಮು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ, ಬೆಳಗ್ಗೆ ಎಂಟೂಕಾಲು

ಅಪ್ಪಾ,

'ಪ್ರೀತಿಯ' ಎಂದು ಶುರು ಮಾಡುವುದು ವಾಡಿಕೆ. ಆ ಪದಕ್ಕೆ ಮೇಲೆ ಜಾಗ ಬಿಟ್ಟಿದ್ದೇನೆ, ಬೇಕಿದ್ದರೆ ನೀವೇ ತುಂಬಿಕೊಳ್ಳಿ. ಹೇಗಿದ್ದೀರಿ? ಮೊಣಕಾಲು ನೋವು ಇಳಿಯಿತೆ? ಕಣ್ಣಿನ ಪೊರೆ ತೆಗೆಸಿದಿರಾ? ನಲವತ್ತು ವರ್ಷ ಊರವರ ಕನ್ನಡಕಕ್ಕೆಲ್ಲ ಗಾಜು ಉಜ್ಜಿ ಕೊಟ್ಟವರು, ಸ್ವಂತ ಕಣ್ಣನ್ನು ಅಲಕ್ಷ್ಯ ಮಾಡಿರಲಾರಿರಿ. ತನ್ನದನ್ನು ತಾನು ನೋಡಿಕೊಳ್ಳುವ ವಿದ್ಯೆಯಲ್ಲಿ ನಿಮ್ಮನ್ನು ಮೀರಿಸಿದವರನ್ನು ನಾನಿನ್ನೂ ಕಂಡಿಲ್ಲ. ಇಲ್ಲಿ ನಿಮ್ಮ ಅಳಿಯ ಕ್ಷೇಮ. ಯಾವುದೋ ಕಟ್ಟಡದಲ್ಲಿ ಸಿಕ್ಕಿಕೊಂಡ ಲಿಫ್ಟನ್ನು ಬಿಡಿಸಲು ಏಳು ಗಂಟೆಗೇ ಹೊರಟುಹೋದರು. ಮೊಮ್ಮಗಳು ಚೂಟಿ ಕ್ಷೇಮ; ಶಿಶುವಿಹಾರದಲ್ಲಿ ಯಾರನ್ನೋ ಕಚ್ಚಿದ್ದಾಳಂತೆ, ಹಲ್ಲು ಗಟ್ಟಿಯಾಗಿವೆ ಎಂದಾಯಿತು. ನನ್ನ ವಿಷಯ ಕೆಳಗಿದೆ.

ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಬಾಯಲ್ಲಿ ನೆಬ್ಯುಲೈಜರಿನ ನಳಿಗೆ ಇದೆ. ಉಪ್ಪುನೀರಿನ ಆವಿಯನ್ನು ಇಪ್ಪತ್ತು ನಿಮಿಷ ಒಳಗೆಳೆದುಕೊಳ್ಳಬೇಕು, ಆಮೇಲೆ ಅರ್ಧ ಗಂಟೆ ಉಸಿರಿನ ವ್ಯಾಯಾಮ ಮಾಡಿ ಎದೆಯಲ್ಲಿ ಕಚ್ಚಿಕೊಂಡ ಕಫವನ್ನು ಹೊರಗೆ ಹಾಕಬೇಕು. ಈ ಇಪ್ಪತ್ತು ನಿಮಿಷ ಮಾತಾಡುವಂತಿಲ್ಲ, ಬಲಗೈ ಮಾತ್ರ ಬಿಡುವು. ನಿಮಗೆ ಉತ್ತರ ಬರೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬಾಯಿ ಬಿಡುವಂತಿದ್ದರೆ ಏನೇನು ಬರುತ್ತಿತ್ತೋ.

ನಿಮ್ಮ ಪತ್ರ ಸೋಮವಾರ ಬಂತು, ಮೂರು ವರ್ಷಗಳಲ್ಲಿ ಮೊದಲನೆಯದು. ಕೆಲಸದಿಂದ ನಿವೃತ್ತಿಯಾಯಿತು, ಬಾಡಿಗೆ ಕೋಣೆಯ ಕೆಳಗೆ ತಗಡು ಬಡಿಯುವವನೊಬ್ಬ ಅಂಗಡಿ ಹಾಕಿದ್ದಾನೆ, ನಿದ್ದೆ ಎಂಬುದೇ ಇಲ್ಲ, ನಿಮ್ಮಲ್ಲಿಗೇ ಬಂದು ಇದ್ದುಬಿಡುತ್ತೇನೆ ಎಂದು ಬರೆದಿದ್ದೀರಿ. ಕೊನೆಯಲ್ಲಿ ಒಂದು ಸಾಲು: 'ನಿನ್ನ ಕೆಮ್ಮು ರಾತ್ರಿ ಹೊತ್ತು ಈಗ ಕಡಿಮೆಯಾಗಿದೆಯಾ?' ಹಗಲಿನ ಕೆಮ್ಮಿನ ಬಗ್ಗೆ ನಿಮಗೆ ತಕರಾರಿಲ್ಲ, ಸಂತೋಷ. ಕೋಣೆ ನೋಡಲು ಬಂದ ಬಾಡಿಗೆದಾರ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುವಂತೆ ಕೇಳಿದ್ದೀರಿ.

ಅದು 'ಕೆಮ್ಮು' ಅಲ್ಲ ಅಪ್ಪಾ, ಸಿಸ್ಟಿಕ್ ಫೈಬ್ರೋಸಿಸ್. ಇಪ್ಪತ್ತೆಂಟು ವರ್ಷದಲ್ಲಿ ಆ ಹೆಸರನ್ನು ನೀವು ಒಮ್ಮೆಯೂ ಪೂರ್ತಿ ಹೇಳಿದ್ದನ್ನು ಕೇಳಿಲ್ಲ. ಹುಟ್ಟುವಾಗಲೇ ಬರುವ ಕಾಯಿಲೆ. ಕಫ ಅಂಟಿನಷ್ಟು ಗಟ್ಟಿ, ಮಾತ್ರೆ ನುಂಗದೆ ಉಂಡದ್ದು ಅರಗುವುದಿಲ್ಲ. 'ಅದೆಲ್ಲ ನಿಮ್ಮಮ್ಮನ ಕಡೆಯದು, ನಮ್ಮ ವಂಶದಲ್ಲಿ ಎಲ್ಲರ ಎದೆಯೂ ಕಬ್ಬಿಣ' ಎನ್ನುತ್ತಿದ್ದಿರಿ. ತಾಯಿ ತಂದೆ ಇಬ್ಬರೂ ಅರ್ಧರ್ಧ ಕೊಟ್ಟರೆ ಮಾತ್ರ ಇದು ಬರುತ್ತದೆ. ನನ್ನ ಪಾಲನೆಯಲ್ಲಿ ನೀವು ಸರಿಯಾಗಿ ಅರ್ಧ ಹೊಣೆ ಹೊತ್ತದ್ದು ಇದೊಂದರಲ್ಲೇ.

ನಿದ್ದೆಯ ವಿಷಯಕ್ಕೆ ಬರುತ್ತೇನೆ, ನಿಮಗೆ ಆಸಕ್ತಿ ಇರುವುದೂ ಅದರಲ್ಲೇ. ಐದು ತಿಂಗಳಿಂದ ನನಗೂ ನಿದ್ದೆ ಇಲ್ಲ. ದಿನಕ್ಕೆ ಎರಡು ಗಂಟೆ ಕಣ್ಣು ಮುಚ್ಚಿದರೆ ಹೆಚ್ಚು. ನಾನು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಅಂಕಪಟ್ಟಿ ತಾಳೆ ನೋಡುವವಳು. ಹೋದ ತಿಂಗಳು ನಿದ್ದೆಗಣ್ಣಿನಲ್ಲಿ ಒಂದು ಸಾಲು ತಪ್ಪಿ, ಇಡೀ ತರಗತಿಯ ಅಂಕಗಳನ್ನು ಒಂದೊಂದು ಮನೆ ಕೆಳಗಿಳಿಸಿಬಿಟ್ಟೆ. ಮೊದಲನೆಯವನ ಅಂಕ ಎರಡನೆಯವನಿಗೆ, ಎರಡನೆಯವನದು ಮೂರನೆಯವಳಿಗೆ. ಮೂರು ವರ್ಷದಿಂದ ಡುಮ್ಕಿ ಹೊಡೆಯುತ್ತಿದ್ದ ಮಹಾನುಭಾವನೊಬ್ಬ ಭೌತಶಾಸ್ತ್ರದಲ್ಲಿ ತೊಂಬತ್ತೊಂದು ತೆಗೆದು, ತಾನೇ ಹೆದರಿ ಕಚೇರಿಗೆ ಓಡಿಬಂದ. ನಮ್ಮ ಸೂಪರಿಂಟೆಂಡೆಂಟ್ ಬೈಯಲಿಲ್ಲ. 'ಮೊದಲು ಮನೆಗೆ ಹೋಗಿ ನಿದ್ದೆ ಮಾಡಮ್ಮಾ, ಆಮೇಲೆ ಬಾ' ಎಂದರು, ನಿದ್ದೆ ಮನೆಯ ಬೀರುವಿನಲ್ಲಿದೆ, ನಾನೇ ತೆಗೆದುಕೊಳ್ಳುತ್ತಿಲ್ಲ ಎಂಬಂತೆ.

ಅಲ್ಲಿಂದ ಶುರುವಾಯಿತು ನೋಡಿ ಉಪದೇಶದ ಸುರಿಮಳೆ. ಪಕ್ಕದ ಟೇಬಲ್ಲಿನ ಗುಮಾಸ್ತೆ ಬಿಸಿಹಾಲು ಎಂದಳು. ನಾದಿನಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡು ಎಂದು ರಾತ್ರಿ ಹನ್ನೊಂದಕ್ಕೆ ಮೊಬೈಲಿಗೇ ಸಂದೇಶ ಕಳಿಸಿದಳು. ಕೆಳಮನೆಯಾಕೆ ತಿಮಿಂಗಿಲದ ದನಿ ಕೇಳಿಸಿಕೊಂಡು ಮಲಗಲು ಹೇಳಿದಳು. ಕೇಳಿ ನೋಡಿದೆ, ಅದಕ್ಕೂ ನನ್ನ ಹಾಗೇ ಉಬ್ಬಸ. ನಿದ್ದೆಯ ತಜ್ಞರೊಬ್ಬರು 'ಮನಸ್ಸಿಗೆ ಏನಾದ್ರೂ ಚಿಂತೆ ಇದೆಯಾ?' ಎಂದು ಕೇಳಿದರು. 'ಮನಸ್ಸು ಚೆನ್ನಾಗಿದೆ, ಉಸಿರೇ ಸಾಲ್ತಿಲ್ಲ' ಎಂದೆ. ಅವರು ಬರೆದುಕೊಟ್ಟ ನಿದ್ದೆಮಾತ್ರೆಯ ಚೀಟಿಯನ್ನು ನನ್ನ ಶ್ವಾಸಕೋಶದ ವೈದ್ಯರು ನೋಡಿ ನಾಲ್ಕಾಗಿ ಹರಿದರು. ಅಂಥ ಮಾತ್ರೆ ನನ್ನಂಥವರ ಉಸಿರನ್ನೂ ಮಲಗಿಸಿಬಿಡಬಹುದಂತೆ.

ಕೊನೆಗೆ ಉಪಯೋಗಕ್ಕೆ ಬಂದವಳು ಉಸಿರಿನ ವ್ಯಾಯಾಮ ಮಾಡಿಸುವ ಫಿಸಿಯೋ. ನನಗಿಂತ ಚಿಕ್ಕವಳು, ಬಾಯಿ ಮಾತ್ರ ಎಂಬತ್ತರ ಅಜ್ಜಿಯದು. ಹಗಲು ಹೊತ್ತಿನಲ್ಲಿ ಆಸ್ಪತ್ರೆಯ ಮಂಚದ ಮೇಲೆ ನನ್ನನ್ನು ಮಲಗಿಸಿ, 'ಮನೇಲಿ ಹೇಗೆ ಮಲಗ್ತೀರೋ ಹಾಗೇ ಮಲಗಿ' ಎಂದು ಹತ್ತು ನಿಮಿಷ ನೋಡುತ್ತ ನಿಂತಳು. ಆಮೇಲೆ ಹೇಳಿದಳು, 'ನೀವು ಮಲಗಿಲ್ಲ ಮೇಡಂ, ಕಾವಲು ಕಾಯ್ತಿದ್ದೀರಿ. ತುಟಿ ಕಚ್ಚಿಕೊಂಡು, ಕೈ ಬಾಯಿಗೆ ಅಡ್ಡ ಇಟ್ಕೊಂಡು ಯಾರಾದ್ರೂ ನಿದ್ದೆ ಮಾಡ್ತಾರಾ? ಕೆಮ್ಮು ನುಂಗಿದ್ರೆ ಅದೇನು ಅರಗುತ್ತಾ? ನಿಮಗೆ ಅನ್ನವೇ ಅರಗಲ್ಲ!' ಕಫವೆಲ್ಲ ಬಲಗಡೆ ಕೆಳಗೆ ಹೆಪ್ಪುಗಟ್ಟಿದೆ ಎಂದು ಪರೀಕ್ಷೆಗೆ ಕಳಿಸಿದಳು. ಅದರ ವರದಿ ಇವತ್ತು ಬರಬೇಕು. ಆಮೇಲೆ ಕೇಳಿದಳು, 'ಯಾರು ಕಲಿಸಿದ್ರು ಇದನ್ನ?'

ಯಾರು ಕಲಿಸಿದರು ಅಪ್ಪಾ? ನಿಮಗೆ ಮರೆತಿರಬಹುದು, ನಾನು ಹೇಳುತ್ತೇನೆ. ಎರಡು ಕೋಣೆಯ ಮನೆ, ನಡುವೆ ಹಲಗೆಯ ಗೋಡೆ. ನಿದ್ದೆಗೆಟ್ಟರೆ ಕೈ ನಡುಗುತ್ತದೆ, ಕೈ ನಡುಗಿದರೆ ಗಾಜು ಹಾಳು ಎಂಬುದು ನಿಮ್ಮ ವೇದವಾಕ್ಯ. ನಾನು ಕೆಮ್ಮಿದರೆ ಗೋಡೆಯಾಚೆಯಿಂದ, 'ಶುರುವಾಯ್ತಾ ನಿನ್ನ ಗರಗಸ?' ಕೆಮ್ಮದೆ ಕಳೆದ ರಾತ್ರಿಗೆ ಬೆಳಗ್ಗೆ ಬಹುಮಾನ: ಉಜ್ಜುವಾಗ ಅಂಚು ಮುರಿದ ಒಂದು ಗಾಜು. 'ಜಾಣೆ, ನಿನ್ನೆ ಸದ್ದೇ ಇಲ್ಲ' ಎಂದು ನನ್ನ ಅಂಗೈಯಲ್ಲಿಡುತ್ತಿದ್ದಿರಿ. ಆರು ವರ್ಷದ ನನಗೆ ಅದು ವಜ್ರ. ದಿಂಬಿಗೆ ಮುಖ ಒತ್ತಿ, ಹೊಟ್ಟೆ ಬಿಗಿಹಿಡಿದು, ಕಣ್ಣಲ್ಲಿ ನೀರು ಬರುವಂತೆ ನುಂಗಿ ನುಂಗಿ, ಒಂದು ಬಿಸ್ಕತ್ತಿನ ಡಬ್ಬಿ ತುಂಬಾ ಗಾಜು ಗೆದ್ದೆ. ಇಷ್ಟಾದರೂ ನನ್ನ ಹನ್ನೊಂದನೇ ವಯಸ್ಸಿಗೆ ನೀವು ಹಾಸಿಗೆ ಎತ್ತಿಕೊಂಡು ಕನ್ನಡಕದ ಅಂಗಡಿಗೆ ಹೋದಿರಿ, ಅಲ್ಲಿಂದ ಬೇರೆ ಊರಿಗೆ. ಯಾರಾದರೂ ಕೇಳಿದರೆ ಅಮ್ಮ 'ಅವ್ರಿಗೆ ನಿದ್ದೆ ಮುಖ್ಯ' ಎನ್ನುತ್ತಿದ್ದಳು. ಬೇರೆ ಗಂಡಸರು ಹೆಣ್ಣಿಗಾಗಿ ಮನೆ ಬಿಡುತ್ತಾರೆ, ಹೆಂಡಕ್ಕಾಗಿ ಬಿಡುತ್ತಾರೆ. ನಿದ್ದೆಗಾಗಿ ಬಿಟ್ಟವರು ನೀವೊಬ್ಬರೇ ಇರಬೇಕು. ಅಮ್ಮ ತೀರಿಹೋದ ದಿನವೂ ನೀವು ಸಂಜೆಯ ಬಸ್ಸಿಗೇ ಹೊರಟಿರಿ, ರಾತ್ರಿ ಉಳಿಯಲಿಲ್ಲ.

ಫಿಸಿಯೋ ಹೇಳಿದ್ದೆಲ್ಲ ಅರ್ಥವಾಯಿತು, ಮಾಡಲು ಮಾತ್ರ ಆಗಲಿಲ್ಲ. ನಾನು ಓದಿದವಳು, ಓದಿದವರಿಗೆ ಅರ್ಥ ಬೇಗ ಆಗುತ್ತದೆ, ಅಷ್ಟೇ. ಮಲಗಿದೊಡನೆ ತುಟಿ ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಚೂಟಿಗೆ ನೆಗಡಿಯಾಯಿತು. ಅವಳಿಗೆ ಈ ಕಾಯಿಲೆ ಇಲ್ಲ, ಪರೀಕ್ಷೆ ಮಾಡಿಸಿದ್ದೇವೆ. ಎಲ್ಲ ಮಕ್ಕಳಿಗೆ ಬರುವ ಬರಿಯ ನೆಗಡಿ. ಹೋದ ಭಾನುವಾರ ಬೆಳಗ್ಗೆ ಎಬ್ಬಿಸಲು ಹೋದರೆ ದಿಂಬಿಗೆ ಮುಖ ಒತ್ತಿಕೊಂಡು ಮಲಗಿದ್ದಾಳೆ, ಬೆನ್ನು ಮಾತ್ರ ಗಡಗಡ ಅಲ್ಲಾಡುತ್ತಿದೆ. ಎತ್ತಿ ತಿರುಗಿಸಿದರೆ ಮುಖ ಕೆಂಪು, ಮೂಗಿನಿಂದ ಗೊಣ್ಣೆ, ಬಾಯಿ ತುಂಬ ನಗು. 'ಅಮ್ಮಾ, ನಾನೂ ನಿನ್ ಥರ ಕೆಮ್ದೆ. ಸದ್ದೇ ಬರ್ಲಿಲ್ಲ ಅಲ್ವಾ?' ಮೂರೂವರೆ ವರ್ಷ ಅಪ್ಪಾ. ಅವಳಿಗೆ ಯಾರೂ ಒಂದು ಚೂರು ಗಾಜನ್ನೂ ಕೊಟ್ಟಿರಲಿಲ್ಲ. ನನ್ನನ್ನು ನೋಡಿಯೇ ಕಲಿತಿದ್ದಳು. ಆ ಕ್ಷಣದಲ್ಲಿ ನಿಮ್ಮ ಮೇಲೆ ನನಗಿರುವ ತಿರಸ್ಕಾರದಲ್ಲಿ ಒಂದು ಪಾಲನ್ನು ನನಗೇ ಬಡಿಸಿಕೊಂಡೆ.

ಅಂದು ರಾತ್ರಿ ಕೆಮ್ಮಿದೆ. ಎದ್ದು ಕೂತು, ಬಾಯಿ ತೆರೆದು, ಕಿಟಕಿ ಅದುರುವಂತೆ. ನಿಮ್ಮ ಅಳಿಯ ದಡಬಡಿಸಿ ಎದ್ದು, 'ಏನು ಬಿತ್ತು?' ಎಂದರು. ಕೆಮ್ಮಿದೆ ಎಂದೆ. 'ಓ, ಅಷ್ಟೇನಾ' ಎಂದವರೇ ಮಗ್ಗುಲು ಬದಲಿಸಿ ಗೊರಕೆ ಹೊಡೆದರು. ಇಪ್ಪತ್ತೆರಡು ವರ್ಷ ನಾನು ನುಂಗಿದ್ದಕ್ಕೆ ಲೋಕದ ಉತ್ತರ ಇಷ್ಟೇ: ಓ, ಅಷ್ಟೇನಾ. ಈಗ ಸಂಜೆಯ ಆವಿ, ವ್ಯಾಯಾಮ ಎಲ್ಲವನ್ನೂ ಏಳಕ್ಕೇ ಮುಗಿಸುತ್ತೇನೆ. ಮಂಚದ ತಲೆಭಾಗದ ಕೆಳಗೆ ಎರಡು ಇಟ್ಟಿಗೆ ಇಟ್ಟಿದ್ದೇವೆ. ಹಗಲು ತೂಕಡಿಸುವಂತಿಲ್ಲ. ಕೆಮ್ಮು ಬಂದರೆ ಪೂರ್ತಿ ಕೆಮ್ಮಿ, ಉಗುಳಿ, ನೀರು ಕುಡಿದು ಮಲಗುತ್ತೇನೆ. ನಿನ್ನೆ ನಾಲ್ಕೂವರೆ ಗಂಟೆ ನಿದ್ದೆ ಬಂತು. ನಗಬೇಡಿ, ಅದು ನನ್ನ ಆಸ್ತಿ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಕಡಿಮೆಯಾಗಿಲ್ಲ, ಹೆಚ್ಚಾಗಿದೆ, ಇನ್ನೂ ಹೆಚ್ಚಾಗಲಿದೆ. ನೀವು ಬರುವುದು ಬೇಡ. ಗೋಡೆಯಾಚೆ ನೀವು ಒಮ್ಮೆ ಹೊರಳಿದರೆ ಸಾಕು, ಈ ನಾಲ್ಕು ದಿನದಲ್ಲಿ ಬಿಟ್ಟ ತುಟಿ ಮತ್ತೆ ಕಚ್ಚಿಕೊಳ್ಳುತ್ತದೆ ಎಂದು ನನಗೆ ಭಯ. ಭಯ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ತಗಡು ಬಡಿಯುವವನ ಜೊತೆ ಹೊಂದಿಕೊಳ್ಳಿ. ಅವನಿಗೂ ಒಂದೊಂದು ಗಾಜು ಕೊಟ್ಟು ನೋಡಿ.

ನಿಮಗೆ ಒಳ್ಳೆಯ ನಿದ್ದೆ ಬರಲಿ ಎಂದು ಹಾರೈಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಬಾರದೇ ಇರಲಿ ಎನ್ನುವಷ್ಟು ಕೆಟ್ಟವಳೂ ಅಲ್ಲ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ನಿಮ್ಮ ಅಳಿಯ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಇಂತಿ,
ನಿಮ್ಮ ಮಗಳು

ಮತ್ತೆ: ಲಕೋಟೆ ಹುಡುಕುವಾಗ ಆಸ್ಪತ್ರೆಯಿಂದ ಫೋನ್ ಬಂತು. ವರದಿ ಚೆನ್ನಾಗಿಲ್ಲ. ಸೋಮವಾರ ಸೇರಬೇಕು, ಎರಡು ವಾರ ನರಕ್ಕೆ ಔಷಧಿ ಹಾಕುತ್ತಾರೆ. ನಿಮ್ಮ ಅಳಿಯನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತದೆ. ರಾತ್ರಿ ಚೂಟಿಯ ಜೊತೆ ಇರಲು ನಾದಿನಿಯನ್ನು ಕೇಳಿದೆ, ಆಗುವುದಿಲ್ಲವಂತೆ. ಕೆಳಮನೆಯಾಕೆ ಹಗಲು ಮಾತ್ರ ನೋಡಿಕೊಳ್ಳುತ್ತಾಳಂತೆ. ಬೇರೆ ಯಾರೂ ಇಲ್ಲ, ಎರಡು ಸಲ ಯೋಚಿಸಿ ನೋಡಿದೆ. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಹರಿದು ಹಾಕದೆ ಕಳಿಸುತ್ತಿದ್ದೇನೆ. ಕೊರಿಯರಿನವನು ನಾಳೆ ಮುಟ್ಟಿಸುತ್ತಾನೆ. ಭಾನುವಾರದೊಳಗೆ ಬನ್ನಿ. ಚೂಟಿಯ ನೆಗಡಿ ಇನ್ನೂ ಪೂರ್ತಿ ಹೋಗಿಲ್ಲ. ರಾತ್ರಿ ಅವಳು ಕೆಮ್ಮಿದರೆ ದೀಪ ಹಾಕಿ, ಎತ್ತಿ ಕೂರಿಸಿ, ಬೆನ್ನ ಮೇಲೆ ಕೈಯಿಟ್ಟು ಮುಗಿಯುವವರೆಗೆ ಪಕ್ಕದಲ್ಲಿ ಕೂತಿರಿ. ಸದ್ದೇ ಕೇಳಿಸದಿದ್ದರೆ ಇನ್ನೂ ಬೇಗ ಎದ್ದು ಹೋಗಿ ನೋಡಿ.