ಕೆಂಪು ಗೆರೆಯ ಲೋಟ

ಹೈಫಾ
ಎಲೂಲ್ ಮಾಸ, ೨೭

ಪ್ರೀತಿಯ ತಿರ್ಝಾ,

ಈ ಕಾಗದದಲ್ಲಿ ಒಂದು ಮಾತನ್ನು ಬಿಟ್ಟೇಬಿಡುವವಳಿದ್ದೆ. ಮೊದಲು ಬರೆದ ಹಾಳೆಯಲ್ಲಿ ಅದಿರಲಿಲ್ಲ. ಓದಿ ನೋಡಿ ಹರಿದು ಹಾಕಿದೆ.

ಹೋದ ವರ್ಷದ ಮಹಾ ಉಪವಾಸದ ದಿನ ಅಮ್ಮ ನನ್ನ ಜೊತೆಗಿದ್ದೂ ಆಸ್ಪತ್ರೆ ಸೇರಿದಳಲ್ಲ, ಅಂದಿನಿಂದ ನಿನಗೆ ನನ್ನ ಮೇಲೆ ಮುನಿಸು. ಮುಂದಿನ ಉಪವಾಸ ಬರುವ ಮೊದಲು ನೊಂದವರ ಬಳಿ ಮೂರು ಸಲ ಕ್ಷಮೆ ಕೇಳಬೇಕು, ಮೂರನೆಯ ಸಲವೂ ಕೊಡದಿದ್ದರೆ ತಪ್ಪು ಅವರದೇ ಅಂತ ಚಿಕ್ಕಂದಿನಿಂದ ಕೇಳಿದ್ದೇವಲ್ಲ, ನಾನು ಅದನ್ನೇ ಎಣಿಸುತ್ತ ಕೂತಿದ್ದೆ. ಮೊದಲನೆಯದು ಮೊಬೈಲಿನ ಸಂದೇಶ. "ಅರವತ್ತು ಜನಕ್ಕೆ ಒಟ್ಟಿಗೆ ಕಳ್ಸಿದ್ದು ಲೆಕ್ಕಕ್ಕಿಲ್ಲ ಅಕ್ಕಾ, ನಿನ್ನ ಹಲ್ಲಿನ ಡಾಕ್ಟರಿಗೂ ಅದೇ ಹೋಗಿರುತ್ತೆ" ಅಂದೆ ನೀನು. ಹೋಗಿತ್ತು. ಎರಡನೆಯ ಸಲ ನಾನು ಫೋನ್ ಮಾಡಿ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸು ಎಂದೆ. "ಆಗಿದ್ರೆ ಅಂತೆ! ಏನಾಯ್ತು ಅಂತ ಮೊದ್ಲು ಬಾಯ್ಬಿಡು" ಅಂತ ನೀನು ಫೋನ್ ಇಟ್ಟುಬಿಟ್ಟೆ. ಎಷ್ಟು ಸಿಟ್ಟು ಬಂತು ಗೊತ್ತಾ? ಇನ್ನೊಂದೇ ಸಲ ಕೇಳಿದರೆ ನಾನು ಪಾರು, ಇವಳೇ ಅನುಭವಿಸಲಿ ಅಂದುಕೊಂಡೆ. ಕ್ಷಮೆ ಕೇಳುವವಳ ಯೋಚನೆಯೇ ಇದು?

ಉಪವಾಸದ ದಿನ ಹನಿ ನೀರೂ ಕೂಡದಾದರೂ ಅಮ್ಮನ ಕಿಡ್ನಿಗೆ ನೀರು ಬೇಕೇಬೇಕು ಎಂದು ಡಾಕ್ಟರ್ ಹೇಳಿದ್ದರು. ಒಂಬತ್ತು ನಿಮಿಷಕ್ಕೊಂದು ಗುಟುಕು ಕುಡಿಯಲಿ ಎಂದು ನಮ್ಮ ಧರ್ಮಗುರು ರಬ್ಬಿಯೂ ಒಪ್ಪಿದ್ದರು. ನೀನು ಪುಟ್ಟ ಲೋಟಕ್ಕೆ ಕೆಂಪು ನೈಲ್ ಪಾಲಿಶ್‌ನಿಂದ ಒಂದು ಗುಟುಕಿನ ಅಳತೆಗೆ ಗೆರೆ ಎಳೆದು ನನ್ನ ಕೈಗೆ ಕೊಟ್ಟಿದ್ದೆ. ಅಂದು ರಾತ್ರಿ ಆಸ್ಪತ್ರೆಯಲ್ಲಿ ನಾನು ನಿನಗೆ, "ಎಷ್ಟು ಹೇಳಿದ್ರೂ ಅಮ್ಮ ಕುಡೀಲಿಲ್ಲ" ಎಂದೆ.

ಸುಳ್ಳು. ಬೆಳಿಗ್ಗೆಯೆಲ್ಲ ಸರಿಯಾಗಿ ಕುಡಿದಳು. ನಮ್ಮ ಪ್ರಾರ್ಥನಾಮಂದಿರ ಸಿನಗಾಗಿನ ಹೆಂಗಸರ ಸಾಲಿನಲ್ಲಿ ನಾನು ಫ್ಲಾಸ್ಕಿನ ಮುಚ್ಚಳ ತೆಗೆದಾಗಲೆಲ್ಲ ಮುಂದಿನವರು ತಿರುಗಿ ನೋಡುತ್ತಿದ್ದರು. ಮಧ್ಯಾಹ್ನದ ಮೇಲೆ ಒಬ್ಬ ಮುದುಕಿ, "ಏನಮ್ಮಾ, ಪಿಕ್ನಿಕ್ಕಾ?" ಅಂದಳು. ಫ್ಲಾಸ್ಕನ್ನು ಚೀಲಕ್ಕೆ ಹಾಕಿಬಿಟ್ಟೆ. ಅಮ್ಮ "ನೀರು ಕೊಡೇ" ಎಂದು ಎರಡು ಸಲ ಕೇಳಿದಳು. "ಎಲ್ರೂ ನೋಡ್ತಾರಮ್ಮಾ, ಇನ್ನೊಂದು ಗಂಟೆ ತಡ್ಕೋ" ಅಂದೆ. ಕೊನೆಯ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತಾಗ ಅವಳು ಏಳಲಿಲ್ಲ.

ನಿನಗೆ ನಾನು ಸುಳ್ಳು ಹೇಳುವಾಗ ಅವಳಿಗೆ ಎಚ್ಚರವಿತ್ತು. ಸುಮ್ಮನೆ ಕಣ್ಣು ಮುಚ್ಚಿಕೊಂಡಳು. ಅಂದಿನಿಂದ ನಿನ್ನ ಮನೆಯಲ್ಲಿ ಹಠಮಾರಿ ಎನಿಸಿಕೊಂಡೂ ಬಾಯಿ ಬಿಟ್ಟಿಲ್ಲ. ಈ ಸಲ ಅವಳನ್ನು ಪ್ರಾರ್ಥನೆಗೆ ಕರೆದೊಯ್ಯುವುದಿಲ್ಲ, ಮನೆಯಲ್ಲೇ ಕೂರಿಸುತ್ತೇನೆ ಎಂದಿದ್ದೀಯಂತೆ. ನನ್ನ ತಪ್ಪಿಗೆ ಅವಳಿಗೆ ಶಿಕ್ಷೆ. ನನ್ನನ್ನು ಕ್ಷಮಿಸುವುದು, ಬಿಡುವುದು ನಿನಗೆ ಸೇರಿದ್ದು. ಅವಳನ್ನು ಮಾತ್ರ ಕರೆದುಕೊಂಡು ಹೋಗು. ಪಕ್ಕದಲ್ಲೇ ಕೂತು, ಎಲ್ಲರ ಕಣ್ಣೆದುರೇ ಕುಡಿಸು.

ಇದನ್ನು ಮೂರನೆಯದು ಅನ್ನಬೇಡ. ಹಿಂದಿನ ಎರಡೂ ಕೇಳಿದ್ದೇ ಅಲ್ಲ.

ನಿನ್ನ ಅಕ್ಕ,
ಯೋಖೆವೆದ್

ತಾ.ಕ.: ಆ ಲೋಟ ಕಳೆದುಹೋಯಿತು ಅಂದಿದ್ದೆನಲ್ಲ. ನನ್ನ ಬೀರುವಿನಲ್ಲೇ ಇತ್ತು, ಇದರ ಜೊತೆ ಇಟ್ಟಿದ್ದೇನೆ. ಉಪವಾಸದ ಹಿಂದಿನ ದಿನ ಅಂಚೆಗೆ ಹಾಕಿದರೆ ಎಲ್ಲ ಮುಗಿದ ಮೇಲೆ ನಿನಗೆ ತಲುಪುತ್ತದೆ ಎಂದೂ ಯೋಚಿಸಿದ್ದೆ. ಬೇಡ. ಉಪವಾಸಕ್ಕೆ ಇನ್ನೂ ಹನ್ನೊಂದು ದಿನವಿರುವಾಗಲೇ, ನಾಳೆ ಹಾಕುತ್ತೇನೆ: ಎಲೂಲ್ ೨೮.