ಅಪ್ಪನ ಬಲಗೈ

ಜೂನ್ ೧೪, ಶುಕ್ರವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಮಂಡಿನೋವು ನನಗಿಂತ ಚೆನ್ನಾಗಿದೆ. ನಿನ್ನ ಪುಸ್ತಕ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತು ಅಂತ ಬರೆಯಬಹುದಿತ್ತು, ಆದರೆ ಒಂದು ಮನೆಯಲ್ಲಿ ಕಥೆ ಕಟ್ಟುವವರು ಒಬ್ಬರಿದ್ದರೆ ಸಾಕು. ಮೂರು ಸಲ ಬರೆದು ಮೂರು ಸಲ ಹರಿದೆ. ಅವುಗಳಲ್ಲಿ ಬೈಗುಳ ಜಾಸ್ತಿಯಾಗಿತ್ತು. ಇದರಲ್ಲಿ ಸ್ವಲ್ಪ ಕಡಿಮೆ ಮಾಡಿದ್ದೇನೆ.

ನಮ್ಮ ಕನ್ನಡಕದ ಅಂಗಡಿಗೆ ಯಜಮಾನರು ಹೊಸ ಯಂತ್ರ ತರಿಸಿದ್ದಾರೆ. ಗಿರಾಕಿ ಗಲ್ಲ ಇಟ್ಟು ಕೂತರೆ ನಂಬರು ಅದೇ ಹೇಳುತ್ತದೆ. ಆದರೂ ಗೋಡೆಯ ಮೇಲಿನ ಅಕ್ಷರ ಓದಿಸದೆ ನಾನು ಬಿಡುವುದಿಲ್ಲ. ಕೆಳಗಿನ ಸಾಲು ಕಾಣದವರು ಅಂದಾಜಿನಲ್ಲಿ ಏನೋ ಹೇಳಿ ನನ್ನ ಮುಖ ನೋಡುತ್ತಾರೆ. "ಕಾಣ್ತಿಲ್ಲ ಅಂದ್ರೆ ಕಾಣ್ತಿಲ್ಲ ಅನ್ನಿ, ಇದೇನು ಪರೀಕ್ಷೆ ಅಲ್ಲ" ಅನ್ನುತ್ತೇನೆ. ನಿನ್ನ ಕವಿತೆಯನ್ನು ಅದೇ ಕುರ್ಚಿಯಲ್ಲಿ ಕೂತು ಓದಿದೆ.

'ಸಹಿ' ಎಂದು ಹೆಸರಿಟ್ಟಿದ್ದೀಯ. ಆಸ್ಪತ್ರೆಯ ಹಸಿರು ಗೋಡೆ, ಜ್ವರದಲ್ಲಿ ಮಲಗಿದ ತಂದೆ, ಕಾಗದ ಹಿಡಿದು ನಿಂತ ವೈದ್ಯ, ಅಪಾರ ಪ್ರೀತಿಯಿಂದ ಸಹಿ ಹಾಕುವ ಮಗ. ಕೊನೆಗೆ, "ಆಯ್ದುಕೊಂಡವನೇ ಹೊರಬೇಕು, ಹೊತ್ತವನೇ ಹಗುರಾಗಬೇಕು." ಭಾರಿ ಸಾಲು. ಪತ್ರಿಕೆಯವರು ನಿನ್ನ ಫೋಟೋದ ಕೆಳಗೆ ಅದನ್ನೇ ಹಾಕಿದ್ದಾರೆ. ನೀನೂ ಗಲ್ಲಕ್ಕೆ ಕೈ ಕೊಟ್ಟು, ಏನೋ ಹೊತ್ತು ದಣಿದವನ ಹಾಗೇ ಕೂತಿದ್ದೀಯ.

ಗೋಡೆ ಹಸಿರಾಗಿತ್ತು. ಅದೊಂದು ನಿಜ.

ಉಳಿದದ್ದನ್ನು ನಾನು ನೆನಪಿಸುತ್ತೇನೆ. ಕವಿತೆಯಲ್ಲಿ ನೀನು 'ಕಲಾವಿದ' ಮಾಡಿರುವ ಅಪ್ಪ ಅಂಗಡಿ ಬೋರ್ಡು ಬರೆಯುವ ಪೇಂಟರ್. ಹಳೇ ತಗಡು ಕೆರೆಯುವಾಗ ಅಂಗೈ ಸೀಳಿತು. ಬಟ್ಟೆ ಸುತ್ತಿಕೊಂಡು ಇನ್ನೆರಡು ಬೋರ್ಡು ಮುಗಿಸಿದ. ವಾರದೊಳಗೆ ಕೈ ಕಪ್ಪಾಯಿತು. ಮೊಣಕೈ ಮೇಲಿಂದ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಅಪ್ಪ ನಮ್ಮಿಬ್ಬರ ಎದುರೇ ಹೇಳಿದ: "ಕೈ ತೆಗೆಸ್ಬೇಡ್ರೋ. ಕೈ ಇಲ್ದೆ ನಾನಿದ್ದು ಏನ್ ಮಾಡ್ಲಿ? ಹಾಗೇ ಹೋಗ್ಬಿಡ್ತೀನಿ." ಮರುದಿನ ಜ್ವರ ಏರಿ ಪ್ರಜ್ಞೆ ತಪ್ಪಿತು. ಡಾಕ್ಟರು ಒಪ್ಪಿಗೆಯ ಕಾಗದ ತಂದರು. "ಮಧ್ಯಾಹ್ನದೊಳಗೆ ಹೇಳಿ. ಆಮೇಲೆ ಕೇಳೋದಕ್ಕೆ ನಾನೂ ಬರಲ್ಲ."

"ಒಂದು ಟೀ ಕುಡ್ಕೊಂಡು ಬರ್ತೀನಿ ಅಕ್ಕ, ತಲೆ ಓಡ್ತಿಲ್ಲ" ಎಂದೆ ನೀನು. ಆ ಟೀ ಕುಡಿಯಲು ಮೂರು ದಿನ ಹಿಡಿಯಿತು. ಬಂದವನು ಅಪ್ಪನ ಖಾಲಿ ತೋಳು ನೋಡಿ, "ಅಯ್ಯೋ, ಇದೇನ್ ಮಾಡ್ಬಿಟ್ಟೆ ಅಕ್ಕ!" ಎಂದು ಗೋಳೋ ಎಂದೆ. ಅಪ್ಪನಿಗೆ ಕೇಳಿಸುವಷ್ಟು ಜೋರಾಗಿಯೇ. ಅತ್ತವನು ಮಗ, ಕತ್ತರಿಸಿದವಳು ಮಗಳು. ಅಪ್ಪನ ತಲೆಯಲ್ಲಿ ಉಳಿದದ್ದು ಅಷ್ಟೇ.

ಹೊರುವುದರ ಬಗ್ಗೆ ಬರೆದಿದ್ದೀಯಲ್ಲ, ಕೇಳು. ಅಂಗಿಗೆ ಏಳು ಗುಂಡಿ. ಬೆಳಗ್ಗೆ ಹಾಕಬೇಕು, ಸಂಜೆ ಬಿಚ್ಚಬೇಕು. ಹನ್ನೊಂದು ವರ್ಷ. ಮೊದಲ ಮೂರು ವರ್ಷ, ಗುಂಡಿ ಹಾಕುವಷ್ಟು ಹೊತ್ತೂ ಅಪ್ಪ ಸೂರು ನೋಡುತ್ತಿದ್ದ. ಏನಾದರೂ ಬೇಕಿದ್ದರೆ ಪಕ್ಕದ ಮನೆಯ ದರ್ಜಿಯ ಹತ್ತಿರ ಹೇಳಿಸುತ್ತಿದ್ದ: "ಅವಳಿಗೆ ಹೇಳಪ್ಪ, ನೀರು ತಣ್ಣಗಿದೆ." ಆ 'ಅವಳು' ಎರಡು ಹೆಜ್ಜೆ ಆಚೆಗೇ ನಿಂತಿರುತ್ತಿದ್ದಳು. ನನ್ನನ್ನು ಮದುವೆಯಾಗುತ್ತೇನೆಂದ ಮನುಷ್ಯ ಎರಡು ಸಲ ಮನೆಗೆ ಬಂದು, ಅಪ್ಪನನ್ನು ನೋಡಿ, ಮೂರನೇ ಸಲ ಬರಲಿಲ್ಲ. ಹೊತ್ತವನೇ ಹಗುರಾಗಬೇಕಂತೆ! ಒಂದು ದಿನ ಬಂದು ಹೊತ್ತಿದ್ದರೆ ಆ ಪ್ರಾಸ ನಿನ್ನ ಬಾಯಿಗೆ ಬರುತ್ತಿರಲಿಲ್ಲ.

ನಾಲ್ಕನೇ ವರ್ಷ, ಪೇಟೆ ಬೀದಿಯಲ್ಲಿ ನಡೆಯುವಾಗ ಅಪ್ಪ ಥಟ್ಟನೆ ನಿಂತ. ಎಡಗೈ ಎತ್ತಿ ಹೊಸ ಬೋರ್ಡೊಂದನ್ನು ತೋರಿಸಿದ. "ನೋಡೇ, ಆ ಪುಣ್ಯಾತ್ಮ ಒತ್ತು ನುಂಗ್ಬಿಟ್ಟಿದಾನೆ. ಬಟೆ ಅಂಗಡಿ ಅಂತೆ!" ಎಂದು ನನ್ನ ಕಡೆ ತಿರುಗಿ ನಕ್ಕ. ನನಗೆ ಬೀದಿಯಲ್ಲೇ ಕೂತು ಅಳಬೇಕೆನಿಸಿತು. ಅಳಲಿಲ್ಲ, ನಾನೂ ನಕ್ಕೆ. ಅಂದಿನಿಂದ ಮಾತು ಶುರುವಾಯಿತು. ಕೈಯ ವಿಷಯ ಮಾತ್ರ ಇಬ್ಬರೂ ಕೊನೆಯವರೆಗೆ ಎತ್ತಲಿಲ್ಲ. ನೀನು ಅಲ್ಲಿದ್ದಿದ್ದರೆ ಇದನ್ನು ಬರೆಯುತ್ತಿದ್ದೆಯೇನೋ. ನಿನ್ನ ಕವಿತೆಯಲ್ಲಿ ಅಪ್ಪ ಇನ್ನೂ ಆಸ್ಪತ್ರೆಯಲ್ಲೇ ಮಲಗಿದ್ದಾನೆ. ಎದ್ದೇ ಇಲ್ಲ, ಪಾಪ.

ನಿನಗೆ ಮಾಡುವ ಸನ್ಮಾನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ಅಪ್ಪನ ಬ್ರಷ್ಷುಗಳನ್ನು ತರಬೇಕು, ವೇದಿಕೆಯ ಮೇಲೆ ಇಡುತ್ತಾರೆ ಎಂದು ಕೇಳಿದ್ದೀಯ. ನಾನು ಬರುವುದಿಲ್ಲ, ಬ್ರಷ್ಷೂ ಬರುವುದಿಲ್ಲ. ಯಾರಿಗೂ ಹೇಳುವುದೂ ಇಲ್ಲ, ಹೆದರಬೇಡ. ಓಡಿಹೋದವನನ್ನು ಹೇಡಿ ಎನ್ನಬಹುದು. ಓಡಿಹೋಗಿ, ಇಪ್ಪತ್ತು ವರ್ಷದ ಮೇಲೆ 'ನಿಂತಿದ್ದವನು ನಾನೇ' ಎನ್ನುವವನಿಗೆ ಏನೆನ್ನಬೇಕೋ ನನಗೆ ತಿಳಿಯದು. ಪದ ಹುಡುಕುವುದು ನಿನ್ನ ಕಸುಬು, ನೀನೇ ಹುಡುಕು.

ನಿನ್ನ ಹೆಂಡತಿಗೂ ಮಗಳಿಗೂ ನನ್ನ ಆಶೀರ್ವಾದ ತಿಳಿಸು. ಮಗಳ ಕಣ್ಣು ಒಮ್ಮೆ ತೋರಿಸು, ಫೋಟೋದಲ್ಲಿ ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಾಳೆ. ದೇವರು ನಿನಗೆ ಆರೋಗ್ಯ ಕೊಡಲಿ. ಬುದ್ಧಿ ಕೊಡು ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು: ಸಹಿ ಹಾಕುವಾಗ ನನ್ನ ಕೈ ನಡುಗಲಿಲ್ಲ. ನನಗೆ ಹದಿನಾಲ್ಕು ವರ್ಷವಿದ್ದಾಗ, ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ತಗಡಿನ ಮೇಲೆ ಒಂದು ಸಾಲು ಬರೆದಿಟ್ಟಿದ್ದೆ. "ಯಾರು ಬರೆದಿದ್ದು? ಚೆನ್ನಾಗಿದ್ಯಲ್ಲ!" ಎಂದ. 'ನಾನು' ಎಂದೊಡನೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಬಿಟ್ಟ. "ಏಣಿ ಹತ್ತೋದು ಹೆಣ್ಮಕ್ಕಳ ಕೆಲಸ ಅಲ್ಲ. ನಿನ್ನ ತಮ್ಮನ್ನ ಕಳಿಸು." ಡಾಕ್ಟರು 'ಬಲಗೈ' ಎಂದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಆ ಕೈ ಒರೆಸಿದ ಸಾಲು. ಅಪ್ಪ ಬದುಕಲಿ ಎಂದು ಸಹಿ ಹಾಕಿದೆನೋ, ಆ ಕೈ ಹೋಗಲಿ ಎಂದು ಹಾಕಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹನ್ನೊಂದು ವರ್ಷ ನಾನು ಮಾಡಿದ್ದನ್ನು ಜನ ಸೇವೆ ಎಂದರು, ನಾನು ತಿದ್ದಲಿಲ್ಲ. ಸಹಿ ನಿನ್ನದು ಎನ್ನುತ್ತೀಯಲ್ಲ, ಈ ಸಂಶಯವೂ ನಿನ್ನದೇ ಎಂದು ಬರೆದುಕೋ, ನೋಡೋಣ.