ಆಚೆ ದಡದ ಉತ್ತರ

ಅಣೆಕಟ್ಟಿನ ಗೇಟ್ ಕಚೇರಿ, ಮಹಡಿ ಕೋಣೆ
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಡಾಕ್ಟರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿರುತ್ತೀಯ, ನನಗೆ ಗೊತ್ತು. ಪುಟ್ಟಿಯ ಕೆಮ್ಮು ಹೋಯಿತೇ? ಭಾವ ರಾತ್ರಿ ಪಾಳಿ ಮುಗಿಸಿ ಬಂದು ಈಗ ಮುಸುಕೆಳೆದು ಮಲಗಿರಬೇಕು. ಬೆಳಗ್ಗೆ ಫೋನ್ ಮಾಡಿದರೆ, "ಶುರುವಾಯ್ತಾ ನಮ್ಮ ಪುಕ್ಕಲಿದು? ಹೋಗಿ ಊಟ ಮಾಡು" ಎಂದು ನೀನು ನಕ್ಕು ಇಟ್ಟುಬಿಟ್ಟೆ. ಆಮೇಲೆ ಎತ್ತಲೇ ಇಲ್ಲ. ಅದಕ್ಕೇ ಈ ಕಾಗದ. ಇದರಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಾನು ಪುಕ್ಕಲಿ, ಒಪ್ಪಿದೆ. ಜಿರಲೆ ಕಂಡರೆ ಮಂಚ ಹತ್ತುವವಳು ಕಂಬ ಹತ್ತುವ ಕೆಲಸಕ್ಕೆ ಸೇರಿದಾಗ ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಿರಿ. ಆದರೆ ಅಕ್ಕಾ, ಇವತ್ತಿನ ಹೆದರಿಕೆ ಬೇರೆ. ಜಿರಲೆ ಕಂಡರೆ ಕಿರುಚುತ್ತೇನೆ, ಈಗ ಕೂತು ಲೆಕ್ಕ ಹಾಕುತ್ತಿದ್ದೇನೆ. 

ಇಲ್ಲಿ ನನ್ನ ಕೆಲಸ ಏನೆಂದು ನೀನು ಯಾವತ್ತೂ ಪೂರ್ತಿ ಕೇಳಿಸಿಕೊಂಡವಳಲ್ಲ. ನಮ್ಮ ಕಚೇರಿಯ ತಾರಸಿಯಲ್ಲಿ ಒಂದು ಡಿಶ್, ನೀರಿನಾಚೆ ನಿಮ್ಮ ದಡದಲ್ಲಿ ಇನ್ನೊಂದು. ನಡುವೆ ತಂತಿಯಿಲ್ಲ. ಇದಕ್ಕೆ ಬ್ರಿಡ್ಜ್ ಲಿಂಕ್ ಎನ್ನುತ್ತೇವೆ. ಗೇಟ್ ಎತ್ತುವ ಮೊದಲು ಇಲ್ಲಿ ಗುಂಡಿ ಒತ್ತಿದರೆ ಸುದ್ದಿ ನೀರಿನ ಮೇಲೆ ಹಾದು ಆಚೆ ಡಿಶ್ಶಿಗೆ ತಲುಪಿ, ಅಣೆಕಟ್ಟಿನ ಕೆಳಗಿರುವ ನಿಮ್ಮ ಬೀದಿಯ ಸೈರನ್ ಕೂಗಬೇಕು. ಆ ಲಿಂಕ್ ಗಟ್ಟಿಯಾಗಿದೆಯೇ ಎಂದು ನೋಡುವವಳು ನಾನು. ಇಲ್ಲಿಂದ ಸಣ್ಣ ಸಣ್ಣ ಸಂದೇಶ ಕಳಿಸುತ್ತಾ ಇರುತ್ತೇನೆ, ಆಚೆಯಿಂದ ಎಷ್ಟಕ್ಕೆ ಉತ್ತರ ಬಂತು, ಎಷ್ಟು ತಡವಾಗಿ ಬಂತು ಎಂದು ನೋಡುತ್ತೇನೆ.

ಬೇಸಿಗೆಯಲ್ಲಿ ಇದನ್ನು ಕೂರಿಸಿದವರು ಪರೀಕ್ಷೆ ಮಾಡಿ ಪಾಸ್ ಎಂದು ಬರೆದು ಹೋಗಿದ್ದಾರೆ. ಸುಳ್ಳಲ್ಲ, ಆಗ ನೀರು ತಳ ಕಂಡಿತ್ತು. ಸೋಮವಾರ ನಾನು ಪರೀಕ್ಷಿಸಿದಾಗಲೂ ಎಲ್ಲಕ್ಕೂ ಉತ್ತರ ಬರುತ್ತಿತ್ತು. ಮೇಲೆ ಮಳೆಯಾಗಿ ನೀರು ಏರತೊಡಗಿದ ಮೇಲೆ ಉತ್ತರಗಳು ಒಂದೊಂದಾಗಿ ತಪ್ಪಿದವು. ಡಿಶ್ ಅಲುಗಿರಬೇಕೆಂದು ಕಂಬ ಹತ್ತಿ ತಿರುಗಿಸಿದೆ, ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ. ಇವತ್ತು ಬೆಳಗ್ಗೆ ಹೊಳೆಯಿತು. ಡಿಶ್ಶಿನ ರೇಡಿಯೊ ಅಲೆ ನೇರವಾಗಿಯೂ ಹೋಗುತ್ತದೆ, ನೀರಿಗೆ ಬಡಿದು ಪುಟಿದೂ ಹೋಗುತ್ತದೆ. ನೀನೂ ಅಮ್ಮನೂ ಒಂದೇ ಬೈಗುಳವನ್ನು ಒಟ್ಟಿಗೆ ಬೈದರೆ ನನಗೆ ಒಂದೂ ಅರ್ಥವಾಗುತ್ತಿರಲಿಲ್ಲವಲ್ಲ, ಹಾಗೆ ನೀರು ಈ ಮಟ್ಟಕ್ಕೆ ಬಂದಾಗ ಎರಡೂ ಕಲಸಿಹೋಗುತ್ತವೆ. ನೀರು ಇನ್ನೂ ಸ್ವಲ್ಪ ಏರಿದರೆ, ಅಂದರೆ ಗೇಟ್ ಎತ್ತಲೇಬೇಕಾದ ಹೊತ್ತಿಗೆ ಸರಿಯಾಗಿ, ಲಿಂಕ್ ಪೂರ್ತಿ ಸಾಯಬಹುದು.

ಸಾಹೇಬರಿಗೆ ಹೇಳಿದೆ. ಕೆಟ್ಟವರಲ್ಲ ಅವರು. "ಏನಮ್ಮಾ, ಮೊನ್ನೆ ತಾನೇ ಚೆನ್ನಾಗಿತ್ತಲ್ಲ! ಬಿಸಿಲು ಬರಲಿ, ಸರಿ ಹೋಗುತ್ತೆ" ಎಂದು ನಕ್ಕರು. ನಮ್ಮ ಮನೆಯ ನಗುವೇ ಇಲ್ಲಿಗೂ ಬಂದಿದೆ. ನನ್ನ ಲೆಕ್ಕ ತಪ್ಪಿದ್ದರೂ ಇರಬಹುದು. ಆದರೆ ಕಿಟಕಿಯಿಂದ ನೋಡಿದರೆ ಬೆಳಗ್ಗೆ ಕಾಣುತ್ತಿದ್ದ ಕಲ್ಲುಮೆಟ್ಟಿಲು ಈಗ ಕಾಣುತ್ತಿಲ್ಲ. ಅದನ್ನು ನೋಡಿದಾಗಲೆಲ್ಲ ನಿಮ್ಮ ಮನೆಯ ಹೊಸ್ತಿಲೇ ಕಣ್ಣೆದುರು ಬರುತ್ತದೆ. ಭಾವನನ್ನೂ ಮಕ್ಕಳನ್ನೂ ಕರೆದುಕೊಂಡು ನಾಲ್ಕು ದಿನ ನನ್ನ ಕೋಣೆಗೆ ಬಂದುಬಿಡು. ಇಕ್ಕಟ್ಟು, ನಿಜ. ನೆಲದಲ್ಲಿ ನಾನು ಮಲಗುತ್ತೇನೆ, ಜಿರಲೆಗಳ ಜೊತೆ.

ಭಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ
ಪುಕ್ಕಲಿ

ಮರೆತ ಮಾತು: ಕಾಗದ ಮಡಿಸುವಷ್ಟರಲ್ಲಿ ನೀರು ಮೇಲಿನ ಗುರುತು ಮುಟ್ಟಿತು. ಗುಂಡಿ ಒತ್ತಿ ನೋಡಿದೆವು. ಆಚೆ ದಡ ಉತ್ತರಿಸಲಿಲ್ಲ. ಸಾಹೇಬರು ಈಗ ನಗುತ್ತಿಲ್ಲ, ನಿಮ್ಮ ಬೀದಿಯವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದಾರೆ, ನೀನು ಮಾತ್ರ ಎತ್ತುತ್ತಿಲ್ಲ. ಕತ್ತಲಾಗುವ ಮುಂಚೆ ಗೇಟ್ ಎತ್ತಲೇಬೇಕು. ಸೈರನ್ ಕೂಗಲಿ ಎಂದು ಕಾಯಬೇಡ, ಅದು ಕೂಗುವುದಿಲ್ಲ. ಕಾಗದ ತಂದವನು ನಮ್ಮ ಕಚೇರಿಯ ವ್ಯಾನ್ ಡ್ರೈವರ್, ಎಂಜಿನ್ ಆಫ್ ಮಾಡಬೇಡ ಎಂದಿದ್ದೇನೆ. ಭಾವನನ್ನು ಎಬ್ಬಿಸು, ಮಕ್ಕಳನ್ನು ಹತ್ತಿಸು. ನಗಬೇಕಾದರೆ ವ್ಯಾನ್ ಹತ್ತಿದ ಮೇಲೆ ನಗು, ಅಕ್ಕಾ.